ಗುಳಿಗೆಯ ದಾರಿಯಲ್ಲಿ ಕೂತವರು

ರಾಜರ ಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಯಾವ ರಾಜ ಎಷ್ಟು ಕೆರೆ ಕಟ್ಟಿಸಿದ, ಯಾವ ದೇವಸ್ಥಾನಕ್ಕೆ ಎಷ್ಟು ದತ್ತಿ ಬಿಟ್ಟ ಅನ್ನೋದನ್ನ ನಾವು ಬಿ.ಎ. ಪರೀಕ್ಷೆಗೆ ಬಾಯಿಪಾಠ ಮಾಡಿ ಪಾಸಾದವರು. ಆದರೆ ನಮ್ಮ ಕೇರಿಯ ಹೆಂಗಸು ಡಾಕ್ಟರ ಚೀಟಿ ಹಿಡಿದು ಮೆಡಿಕಲ್ ಶಾಪಿನ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಡುವ ದುಡ್ಡಿಗೂ ಒಂದು ಚರಿತ್ರೆ ಇದೆ ಅಂತ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಒಂದು ಶೀಟು ಮಾತ್ರೆಯ ಬೆನ್ನ ಮೇಲೆ ಅಚ್ಚಾದ ಬೆಲೆಯನ್ನು ನಾವು ಮಳೆ ಬಿಸಿಲಿನ ಹಾಗೆ, ಯಾರೂ ಮಾಡದೆ ತಾನಾಗಿ ಆದದ್ದು ಅಂತ ತಿಳಿದಿದ್ದೇವೆ. ಹಾಗಲ್ಲ. ಕಾರ್ಖಾನೆಯ ಬಾಗಿಲಿಂದ ಆ ಹೆಂಗಸಿನ ಕೈಗೆ ಬರುವಷ್ಟರಲ್ಲಿ ಆ ಗುಳಿಗೆ ಹಲವು ಕೈ ದಾಟಿದೆ. ಯಾವ ಕೈ ಎಷ್ಟು ಹಿಡಿದುಕೊಂಡಿತು, ಸರ್ಕಾರ ಆ ಕೈಗಳನ್ನು ಯಾವಾಗ ಹಿಡಿಯಲು ಹೋಯಿತು, ಯಾವಾಗ ಸಡಿಲ ಬಿಟ್ಟಿತು, ಇದು ನಮ್ಮ ಚರಿತ್ರೆ.

ಮೊದಲು ಕ್ವಿನೈನಿನ ಕಥೆ. 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲೂ ಡಾರ್ಜಿಲಿಂಗ್ ಬೆಟ್ಟಗಳಲ್ಲೂ ಸಿಂಕೋನಾ ಗಿಡ ಹಾಕಿಸಿದರು. ಗೂಡಲೂರಿನಿಂದ ಊಟಿಗೆ ಘಾಟಿ ಹತ್ತುವಾಗ ಸಿಗುವ ನಡುವಟ್ಟಂನ ತೋಟದಲ್ಲಿ ಚೀನೀ ಕೈದಿಗಳನ್ನು ತಂದು ದುಡಿಸಿದರು. ಇದರಲ್ಲಿ ಕರುಣೆಯ ಮಾತು ಬೇಡ. ಮಲೇರಿಯಾ ಬಂದರೆ ಸಿಪಾಯಿ ಮಲಗುತ್ತಾನೆ, ತೋಟದ ಕೂಲಿ ಮಲಗುತ್ತಾನೆ, ಕಂದಾಯ ಮಲಗುತ್ತದೆ. ಆದರೂ 1892ರಲ್ಲಿ ಬಂಗಾಳದಲ್ಲಿ ಅವರು ಶುರುಮಾಡಿದ ಒಂದು ಕೆಲಸವನ್ನು ನಾವು ಮರೆಯಬಾರದು. ಸರ್ಕಾರಿ ಕಾರ್ಖಾನೆಯ ಕ್ವಿನೈನನ್ನು ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಅಂಚೆ ಕಚೇರಿಯಲ್ಲಿ ಪೊಟ್ಟಣಕ್ಕೆ ಒಂದು ಪೈಸೆಯಂತೆ, ಅಂದರೆ ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಕಾಲಾಣೆಗೆ, ಮಾರಿಸಿದರು. ತೋಟ ಸರ್ಕಾರದ್ದು, ಕಾರ್ಖಾನೆ ಸರ್ಕಾರದ್ದು, ಮಾರುವವನು ಪೋಸ್ಟ್ ಮಾಸ್ತರ. ನಡುವೆ ಸಾಹುಕಾರನಿಗೆ ಕೂರಲು ಚಾಪೆ ಹಾಸಿರಲಿಲ್ಲ. ಪರದೇಶಿ ದೊರೆಗಳಿಗೇ ಗೊತ್ತಿದ್ದ ಈ ದಾರಿ ಸ್ವದೇಶಿ ದೊರೆಗಳಿಗೆ ಯಾಕೆ ಮರೆತುಹೋಯಿತು ಅನ್ನೋದು ಮುಂದಿನ ಮಾತು.

1947ರಲ್ಲಿ ಬಾವುಟ ಬದಲಾಯಿತು, ಔಷಧಿ ಅಂಗಡಿಯ ಬೀರು ಬದಲಾಗಲಿಲ್ಲ. 1911ರ ಪೇಟೆಂಟ್ ಕಾಯಿದೆ ಹಾಗೇ ಉಳಿಯಿತು. ಹೊಸ ಔಷಧಿಗಳೆಲ್ಲ ವಿದೇಶಿ ಕಂಪನಿಗಳ ಕೈಯಲ್ಲಿ. 1954ರಲ್ಲಿ ಪುಣೆ ಹತ್ತಿರ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್, 1961ರಲ್ಲಿ ಸೋವಿಯತ್ ನೆರವಿನ ಐಡಿಪಿಎಲ್ ಹುಟ್ಟಿದವು. ಆದರೆ ಬೆಲೆಯನ್ನು ಯಾರೂ ಕೇಳುವಂತಿರಲಿಲ್ಲ. 1959ರಿಂದ ಅಮೆರಿಕದ ಸೆನೆಟಿನಲ್ಲಿ ಕೆಫಾವರ್ ಎಂಬ ಸೆನೆಟರ್ ಅಲ್ಲಿನ ಔಷಧ ಕಂಪನಿಗಳ ಲಾಭದ ವಿಚಾರಣೆ ನಡೆಸಿದ. ಆ ಸಮಿತಿ ದೇಶ ದೇಶದ ಬೆಲೆ ಹೋಲಿಸಿ ನೋಡಿದಾಗ ಔಷಧಿಗೆ ಅತಿ ಹೆಚ್ಚು ಬೆಲೆ ಇರುವ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು. ಅನ್ನಕ್ಕೆ ಅಮೆರಿಕದ ಹಡಗು ಕಾಯುತ್ತಿದ್ದ ದೇಶ ಗುಳಿಗೆಗೆ ಸಿರಿವಂತರ ಬೆಲೆ ಕೊಡುತ್ತಿತ್ತು. ಇದು ನಮಗೆ ಗೊತ್ತಾಗಬೇಕಾದರೆ ಅಮೆರಿಕದ ಸೆನೆಟ್ ಹೇಳಬೇಕಾಯಿತು!

ಬೆಲೆ ನಿಯಂತ್ರಣ ಬಂದದ್ದು ಬಡವರ ಮೇಲಿನ ಪ್ರೀತಿಯಿಂದಲ್ಲ, ಯುದ್ಧದಿಂದ. 1962ರಲ್ಲಿ ಚೀನಾ ಜೊತೆ ಯುದ್ಧವಾದಾಗ ಔಷಧಿ ಬೆಲೆ ಏರುವ ಭಯ ಹುಟ್ಟಿತು. ಭಾರತ ರಕ್ಷಣಾ ಕಾಯಿದೆಯಡಿ ಬೆಲೆ ಪ್ರದರ್ಶನದ ಆಜ್ಞೆ ಹೊರಟಿತು. 1963ರಲ್ಲಿ ಇನ್ನೊಂದು ಆಜ್ಞೆ ಹೊರಟು ಏಪ್ರಿಲ್ 1ರಂದು ಇದ್ದ ಬೆಲೆಗಳಿಗೇ ಬೀಗ ಹಾಕಿತು. ಓದುಗ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಔಷಧಿ ವ್ಯಾಪಾರಕ್ಕೆ ಬಿದ್ದ ಮೊದಲ ಲಗಾಮು ಬೆಲೆ ಇಳಿಸುವುದಲ್ಲ, ಬೆಲೆಯನ್ನು ಕಾಣುವಂತೆ ಇಡುವುದು. ಬರಹ ಬಲ್ಲವನ ಎದುರು ಬರಹ ಬಾರದವಳು ನಿಂತಾಗ ಬೆಲೆ ಬಾಯಿಮಾತಾಗಿದ್ದರೆ ಏನಾಗುತ್ತದೆ ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಸಾಲದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ ಮನೆತನಗಳು ನಮ್ಮವು.

1970ರಲ್ಲಿ ಅಗತ್ಯ ವಸ್ತುಗಳ ಕಾಯಿದೆಯಡಿ ಔಷಧ ಬೆಲೆ ನಿಯಂತ್ರಣ ಆಜ್ಞೆ ಹೊರಟು, ಕಂಪನಿಯ ಲಾಭ ತೆರಿಗೆಗೆ ಮುಂಚೆ ಮಾರಾಟದ ಶೇ. 15 ದಾಟಬಾರದು ಅಂತ ಗೆರೆ ಎಳೆಯಿತು. ಅದೇ ವರ್ಷದ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದು, ಔಷಧಿಯ ಮೇಲೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಎಂದಿತು. ಇವತ್ತು ಆಫ್ರಿಕಾದ ಹಳ್ಳಿಗೂ ಭಾರತದ ಮಾತ್ರೆ ಹೋಗುತ್ತಿದ್ದರೆ ಅದರ ಬೇರು ಇಲ್ಲಿದೆ.

1974ರಲ್ಲಿ ಜೈಸುಖಲಾಲ್ ಹಾಥಿ ಅವರ ಸಮಿತಿ ಕೂತಿತು. 1975ರ ಏಪ್ರಿಲ್‌ನಲ್ಲಿ ವರದಿ ಬಂತು. ಎಮರ್ಜೆನ್ಸಿಗೆ ಎರಡು ತಿಂಗಳು ಮುಂಚೆ. ಜನಕ್ಕೆ ನಿಜವಾಗಿ ಬೇಕಾದ ಔಷಧಿ ಎಷ್ಟು ಅಂತ ಸಮಿತಿ ಎಣಿಸಿತು: 117. ಮಾರುಕಟ್ಟೆಯಲ್ಲಿ ಸಾವಿರಾರು ಹೆಸರುಗಳ ಗದ್ದಲ, ಬೇಕಾದದ್ದು ನೂರಾ ಹದಿನೇಳು! ವಿದೇಶಿ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಬೇಕೋ ಬೇಡವೋ ಅನ್ನುವಲ್ಲಿ ಸದಸ್ಯರಲ್ಲೇ ಎರಡು ಗುಂಪಾಯಿತು. ಅದಕ್ಕಿಂತ ನಮಗೆ ಮುಖ್ಯವಾದ ಮಾತು ಬೇರೆ ಇದೆ. ಬ್ರ್ಯಾಂಡ್ ಹೆಸರುಗಳನ್ನು ಹಂತ ಹಂತವಾಗಿ ಕಿತ್ತುಹಾಕಿ, ಮೊದಲಿಗೆ 13 ಔಷಧಿಗಳನ್ನು ಅವುಗಳ ಮೂಲ ಹೆಸರಿನಲ್ಲೇ ಮಾರಿ ಅಂತ ಸಮಿತಿ ಹೇಳಿತು.

ಹೆಸರಿಗೂ ದಲ್ಲಾಳಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಸಂತೆಯಲ್ಲಿ ರಾಗಿ ರಾಗಿಯೇ. ನಾಲ್ಕು ಅಂಗಡಿ ತಿರುಗಿ ಕಾಳು ಹಲ್ಲಲ್ಲಿ ಕಡಿದು ನೋಡಿ ಕೊಳ್ಳಬಹುದು. ಅದೇ ರಾಗಿಗೆ ನಲವತ್ತು ಹೆಸರಿಟ್ಟು, ಯಾವ ಹೆಸರಿನ ರಾಗಿ ತಿನ್ನಬೇಕು ಅಂತ ಇನ್ಯಾರೋ ಬರೆದುಕೊಟ್ಟು, ಆ ಹೆಸರಿನದ್ದು ಒಂದೇ ಅಂಗಡಿಯಲ್ಲಿ ಸಿಗುವಂತೆ ಮಾಡಿದರೆ? ಔಷಧಿಯಲ್ಲಿ ಆಗಿರುವುದು ಇದೇ. ತಿನ್ನುವವಳು ಆರಿಸುವುದಿಲ್ಲ, ಆರಿಸುವವನು ದುಡ್ಡು ಕೊಡುವುದಿಲ್ಲ. ಈ ಎರಡರ ನಡುವಿನ ಕತ್ತಲಲ್ಲೇ ಕಮಿಷನ್ ಬೆಳೆಯೋದು. ಹಾಥಿ ಸಮಿತಿ ದೀಪ ಹಚ್ಚೋಕೆ ಹೋದದ್ದು ಅಲ್ಲಿಗೆ. 1978ರ ಔಷಧ ನೀತಿಯಲ್ಲಿ ಹದಿಮೂರು ಐದಾಯಿತು: ಅನಾಲ್ಜಿನ್, ಆಸ್ಪಿರಿನ್, ಕ್ಲೋರ್‌ಪ್ರೊಮಜಿನ್, ಫೆರಸ್ ಸಲ್ಫೇಟ್, ಪೈಪರಜಿನ್. ಆ ಐದನ್ನೂ ಕಂಪನಿಗಳು ಕೋರ್ಟಿಗೆ ಎಳೆದವು. ಕೋರ್ಟಿನ ಮೆಟ್ಟಿಲು ಹತ್ತಿದ ಐದು ಹೆಸರು ಮತ್ತೆ ಇಳಿದು ಬರಲಿಲ್ಲ.

1979. ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ವರ್ಷವೇ ದೆಹಲಿಯಲ್ಲಿ ಅತಿ ದೊಡ್ಡ ಬೆಲೆ ನಿಯಂತ್ರಣ ಆಜ್ಞೆ ಹೊರಟಿತು. 347 ಮೂಲ ಔಷಧಗಳು ಅದರ ಪಟ್ಟಿಯಲ್ಲಿದ್ದವು. ತಯಾರಿಕೆಯ ಖರ್ಚು ಲೆಕ್ಕ ಹಾಕಿ, ಅದರ ಮೇಲೆ ಜೀವ ಉಳಿಸುವ ಔಷಧಿಗೆ ಶೇ. 40, ನಂತರದವಕ್ಕೆ 55, ಅದರ ನಂತರದವಕ್ಕೆ 100 ಸೇರಿಸಬಹುದು, ಅಷ್ಟೇ. ಪ್ರಚಾರ, ಸಾಗಾಟ, ಸ್ಟಾಕಿಸ್ಟನ ಪಾಲು, ಅಂಗಡಿಯವನ ಪಾಲು, ಕಂಪನಿಯ ಲಾಭ ಎಲ್ಲ ಆ ಸೇರಿಕೆಯೊಳಗೇ ಮುಗಿಯಬೇಕು. ನಡುವಿನವರಿಗೆ ಬೇಲಿ ಬಿತ್ತು. ಆದರೆ ಬೇಲಿಯೊಳಗೆ ಲಾಭ ಕಡಿಮೆ ಅಂತ ಕಂಪನಿಗಳು ಬೇಲಿಯಾಚೆಯ ಟಾನಿಕ್ಕು, ವಿಟಮಿನ್ನು, ಮಿಶ್ರಣಗಳ ಕಡೆ ಹೊರಟವು. ಕ್ಷಯದ ಮಾತ್ರೆಗಿಂತ ಟಾನಿಕ್ ಬಾಟಲಿ ಮುದ್ದಾಯಿತು. ನಮ್ಮೂರಿನ ಜನ ಇಂದಿಗೂ 'ಡಾಕ್ಟ್ರು ಟಾನಿಕ್ ಬರ್ಕೊಡ್ಲಿಲ್ಲ, ಇವ್ರು ಸರಿ ಇಲ್ಲ' ಅಂತಾರಲ್ಲ, ಆ ನಂಬಿಕೆಯನ್ನು ಬಿತ್ತಿದ ಕೈ ಯಾವುದು ಅಂತ ಹುಡುಕಬೇಕು.

ಕಂಪನಿಗಳು ಸುಮ್ಮನಿರಲಿಲ್ಲ. ಬೆಲೆ ಗೊತ್ತುಮಾಡುವ ಮುಂಚೆ ನಮ್ಮನ್ನು ಕರೆದು ವಿಚಾರಿಸಲಿಲ್ಲ ಅಂತ ವ್ಯಾಜ್ಯ ಹೂಡಿದವು. 1987ರಲ್ಲಿ ಸಯನಮೈಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ತೀರ್ಪು ಬರೆದರು. ಬೆಲೆ ನಿಗದಿ ಶಾಸನದ ಸ್ವರೂಪದ ಕೆಲಸ, ಪ್ರತಿ ಕಂಪನಿಯನ್ನೂ ಕೂರಿಸಿಕೊಂಡು ಕೇಳುವ ಪಂಚಾಯ್ತಿಯಲ್ಲ ಎಂದರು. ಅನ್ನದಲ್ಲಿ, ಜೀವ ಉಳಿಸುವ ಔಷಧಿಯಲ್ಲಿ ಕೊಳ್ಳೆಲಾಭ ಹೊಡೆಯುವುದು ಪೈಶಾಚಿಕ ಎಂಬರ್ಥದ ಮಾತನ್ನು ತೀರ್ಪಿನ ಆರಂಭದಲ್ಲೇ ಬರೆದರು. ಇದೇ ಚಿನ್ನಪ್ಪ ರೆಡ್ಡಿಯವರು ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟವರು. ಮೀಸಲಾತಿಗಾಗಿ ಅವರ ಹೆಸರು ಹೇಳುವ ನಾವು ಗುಳಿಗೆಗಾಗಿಯೂ ಹೇಳಬೇಕು.

ತೀರ್ಪು ಗೆದ್ದಿತು, ಪಟ್ಟಿ ಕರಗಿತು. ಆ 1987ರಲ್ಲೇ ಹೊರಟ ಹೊಸ ಆಜ್ಞೆಯಲ್ಲಿ 347 ಹೋಗಿ 142 ಆಯಿತು. 1995ರಲ್ಲಿ 74. ಉದಾರೀಕರಣದ ದೊರೆಗಳು ಇದನ್ನು ಸುಧಾರಣೆ ಅಂತ ಕರೆದರು. 1997ರಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಎಂಬ ಕಾವಲುಗಾರನನ್ನು ನೇಮಿಸಿದರು. ಹೊಲದ ಬಹುಪಾಲು ಮಾರಿ ಆದಮೇಲೆ ಕಾವಲಿಗೆ ಆಳಿಟ್ಟ ಹಾಗೆ.

ಈಗ ನಡುವಿನ ಸರಪಳಿಗೆ ಬರೋಣ. ಕಂಪನಿಯಿಂದ ಸಿ ಅಂಡ್ ಎಫ್ ಏಜೆಂಟ್, ಅಲ್ಲಿಂದ ಸ್ಟಾಕಿಸ್ಟ್, ಅಲ್ಲಿಂದ ಮೆಡಿಕಲ್ ಶಾಪು. ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿಗೆ ಸಗಟಿನವನಿಗೆ ಶೇ. 8, ಚಿಲ್ಲರೆಯವನಿಗೆ ಶೇ. 16. ಪಟ್ಟಿಯಲ್ಲಿಲ್ಲದ್ದಕ್ಕೆ 10 ಮತ್ತು 20. ಈ ಹತ್ತು-ಇಪ್ಪತ್ತನ್ನು ಯಾವ ಶಾಸನಸಭೆ ಗೊತ್ತುಮಾಡಿತು? ಯಾವುದೂ ಇಲ್ಲ. ವ್ಯಾಪಾರಿಗಳ ಸಂಘವೂ ಕಂಪನಿಗಳ ಸಂಘಗಳೂ ಕೂತು ಒಪ್ಪಿಕೊಂಡ ಲೆಕ್ಕ ಅದು. ಅಖಿಲ ಭಾರತ ಔಷಧ ವ್ಯಾಪಾರಿಗಳ ಒಕ್ಕೂಟ ಹುಟ್ಟಿದ್ದು 1975ರಲ್ಲಿ, ಹಾಥಿ ವರದಿಯ ವರ್ಷದಲ್ಲೇ. ಕಂಪನಿ ಒಂದೂರಲ್ಲಿ ಹೊಸ ಸ್ಟಾಕಿಸ್ಟನನ್ನು ನೇಮಿಸಬೇಕಾದರೆ ಅಲ್ಲಿನ ಸಂಘದ 'ಆಕ್ಷೇಪಣೆ ಇಲ್ಲ' ಎಂಬ ಪತ್ರ ಬೇಕು ಅನ್ನುವ ಪದ್ಧತಿ ಬೆಳೆಯಿತು. ಪತ್ರವಿಲ್ಲದಿದ್ದರೆ ಮಾಲಿಗೆ ಬಹಿಷ್ಕಾರ. ಬಹಿಷ್ಕಾರ ಅನ್ನುವ ಮಾತಿನ ರುಚಿ ಕೇರಿಯವರಿಗೆ ಗೊತ್ತು! ಭಾರತ ಸ್ಪರ್ಧಾ ಆಯೋಗ 2012ರಲ್ಲಿ ಗೋವಾದ ಸಂಘದ ವಿಷಯದಲ್ಲಿ, 2013ರಲ್ಲಿ ಅಖಿಲ ಭಾರತ ಒಕ್ಕೂಟದ ವಿಷಯದಲ್ಲಿ, ಈ ಪದ್ಧತಿ ಕಾನೂನಿಗೆ ವಿರುದ್ಧ ಎಂದು ಹೇಳಿತು. ವ್ಯಾಪಾರ ನಿಯಂತ್ರಣವೆಂದರೆ ಸರ್ಕಾರ ಮಾತ್ರ ಮಾಡುವುದು ಅಂತ ನಾವು ತಿಳಿಯುತ್ತೇವೆ. ಸರ್ಕಾರ ಮಾಡದಿದ್ದರೆ ಸಾಹುಕಾರರೇ ಮಾಡಿಕೊಳ್ಳುತ್ತಾರೆ, ತಮಗೆ ಬೇಕಾದ ಹಾಗೆ.

ಇಷ್ಟಾದರೂ ಶೇ. 16, ಶೇ. 20 ಏನು ಮಹಾ ಅನ್ನಿಸಬಹುದು. ಸಣ್ಣ ಅಂಗಡಿಯವನೂ ಬಾಡಿಗೆ ಕಟ್ಟಬೇಕು, ಹುಡುಗನಿಗೆ ಸಂಬಳ ಕೊಡಬೇಕು. ನಮ್ಮ ಜಗಳ ಅವನ ಹದಿನಾರರ ಜೊತೆ ಅಲ್ಲ. ಸಂಗತಿ ಬೇರೆ ಕಡೆ ಇದೆ. ಒಂದೇ ಕಂಪನಿ ಒಂದೇ ಔಷಧಿಯನ್ನು ಎರಡು ರೂಪದಲ್ಲಿ ಮಾರುತ್ತದೆ. ಒಂದು ಡಾಕ್ಟರ ಬಳಿಗೆ ಮೆಡಿಕಲ್ ರೆಪ್ ಕಳಿಸಿ ಮಾರುವ ಬ್ರ್ಯಾಂಡು. ಇನ್ನೊಂದು ರೆಪ್ ಇಲ್ಲದೆ ನೇರ ಅಂಗಡಿಗೆ ಅಗ್ಗಕ್ಕೆ ಕೊಡುವ 'ಜೆನೆರಿಕ್'. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ ಐದು ಜೋಡಿಗಳನ್ನು ಹಿಡಿದು ನೋಡಿತು. ಬ್ರ್ಯಾಂಡಿನಲ್ಲಿ ಅಂಗಡಿಯವನ ಲಾಭಾಂಶ ಶೇ. 25ರಿಂದ 30. ಅದೇ ಕಂಪನಿಯ ಜೆನೆರಿಕ್‌ನಲ್ಲಿ ಶೇ. 201ರಿಂದ 1,016! ಅಂದರೆ 100 ರೂಪಾಯಿಗೆ ತಂದ ಮಾಲನ್ನು ಸಾವಿರದ ನೂರು ದಾಟಿಸಿ ಮಾರಬಹುದು, ಶೀಟಿನ ಮೇಲೆ ಅಷ್ಟು ಅಚ್ಚಾಗಿರುತ್ತದೆ. ಅಚ್ಚಾದ ಬೆಲೆ ಮೀರಿಲ್ಲವಾದ್ದರಿಂದ ಅದು ಕಳ್ಳತನವೂ ಅಲ್ಲ.

ಸಂತೆಯ ನ್ಯಾಯ ಇಲ್ಲಿ ತಲೆಕೆಳಗು. ಸಂತೆಯಲ್ಲಿ ಬೆಲೆ ಇಳಿಸಿದವನ ಮಾಲು ಮೊದಲು ಖಾಲಿಯಾಗುತ್ತೆ. ಇಲ್ಲಿ ಕಂಪನಿಗಳು ಪೈಪೋಟಿ ನಡೆಸುವುದು ರೋಗಿಗಾಗಿ ಅಲ್ಲ, ಅಂಗಡಿಯವನಿಗಾಗಿ, ಆಸ್ಪತ್ರೆಯವನಿಗಾಗಿ. 'ನನ್ನ ಮಾಲಿಟ್ಟುಕೊಂಡರೆ ನಿನಗೆ ಇಷ್ಟು ಉಳಿಯುತ್ತೆ' ಅನ್ನುವುದೇ ಪೈಪೋಟಿ. ಹಾಗಾಗಿ ಹೆಚ್ಚು ಬೆಲೆ ಅಚ್ಚು ಹಾಕಿದವನು ಗೆಲ್ಲುತ್ತಾನೆ. ಪೈಪೋಟಿ ಬೆಲೆ ಇಳಿಸುತ್ತದೆ ಅಂತ ಅರ್ಥಶಾಸ್ತ್ರದ ತರಗತಿಯಲ್ಲಿ ಓದಿದ್ದು ಈ ಅಂಗಡಿಯ ಕಟ್ಟೆ ಹತ್ತುವುದಿಲ್ಲ. ಇದು ನಮ್ಮ ಬಂಡಾಯದ ಬಾಯಿಮಾತಲ್ಲ. 2018ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗವೇ ತನ್ನ ಟಿಪ್ಪಣಿಯಲ್ಲಿ, ಔಷಧಿ ಬೆಲೆ ಏರಲು ವ್ಯಾಪಾರದ ಅತಿಯಾದ ಲಾಭಾಂಶ ದೊಡ್ಡ ಕಾರಣ ಎಂದು ಬರೆದಿದೆ.

2013ರಲ್ಲಿ ಇನ್ನೊಂದು ಆಜ್ಞೆ ಹೊರಟಿತು. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯ 348 ಔಷಧಿಗಳನ್ನು ನಿಯಂತ್ರಣಕ್ಕೆ ತಂದೆವು ಅಂತ ಡಂಗುರ ಹೊಡೆದರು. ಸಂಖ್ಯೆ ನೋಡಿ ಹಿಗ್ಗಬೇಡಿ, ಲೆಕ್ಕದ ರೀತಿಯನ್ನೇ ಬದಲಿಸಿದ್ದಾರೆ. ಇಷ್ಟುಕಾಲ ತಯಾರಿಕೆಗೆ ಎಷ್ಟು ಖರ್ಚಾಯ್ತು ಅಂತ ಕೇಳುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಶೇ. 1ಕ್ಕಿಂತ ಕಡಿಮೆಯಿಲ್ಲದ ಪಾಲು ಇರುವ ಬ್ರ್ಯಾಂಡುಗಳ ಬೆಲೆ ಕೂಡಿಸಿ, ಭಾಗಿಸಿ, ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯವನ ಶೇ. 16 ಇಡುತ್ತಾರೆ. ಕಳ್ಳರೆಲ್ಲ ಕದ್ದದ್ದರ ಸರಾಸರಿ ತೆಗೆದು, ಇದಕ್ಕಿಂತ ಹೆಚ್ಚು ಕದಿಯಬಾರದು ಅಂದ ಹಾಗೆ. ಪಟ್ಟಿಯ ಹೊರಗಿನ ಔಷಧಿಗೆ ವರ್ಷಕ್ಕೆ ಶೇ. 10ರ ತನಕ ಬೆಲೆ ಏರಿಸುವ ರಹದಾರಿ. ಮಾರುಕಟ್ಟೆಯ ಬಹುಪಾಲು ಪಟ್ಟಿಯ ಹೊರಗೇ ಇದೆ. ಅಖಿಲ ಭಾರತ ಔಷಧ ಕ್ರಿಯಾ ಜಾಲದವರು 2003ರಿಂದ ಸುಪ್ರೀಂ ಕೋರ್ಟಿನಲ್ಲಿ ಬೆಲೆ ನೀತಿಯನ್ನು ಪ್ರಶ್ನಿಸಿ ಹೋರಾಡಿದವರು. ತಯಾರಿಕೆಯ ಖರ್ಚಿನ ಮೇಲೇ ಬೆಲೆ ನಿಲ್ಲಬೇಕು ಅನ್ನುವುದು ಅವರ ವಾದ. ಅವರ ಹೆಸರು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಆಸ್ಪತ್ರೆಯೊಳಗಿನ ದಲ್ಲಾಳಿ ಇನ್ನೂ ದೊಡ್ಡವನು. ಹೃದಯದ ನಾಳಕ್ಕೆ ಹಾಕುವ ಸ್ಟೆಂಟಿನ ಬೆಲೆಯನ್ನು ಬೀರೇಂದ್ರ ಸಾಂಗ್ವಾನ್ ಎಂಬ ವಕೀಲರು ದೆಹಲಿ ಹೈಕೋರ್ಟಿಗೆ ಒಯ್ದರು. 2017ರ ಫೆಬ್ರವರಿಯಲ್ಲಿ ಪ್ರಾಧಿಕಾರ ಸಾದಾ ಸ್ಟೆಂಟಿಗೆ 7,260, ಔಷಧಿ ಲೇಪಿಸಿದ್ದಕ್ಕೆ 29,600 ರೂಪಾಯಿ ಅಂತ ಮಿತಿ ಹಾಕಿತು. ಅದಕ್ಕೆ ಮುಂಚೆ ರೋಗಿಯ ಮನೆಯವರು ಲಕ್ಷ ದಾಟಿ ಕಟ್ಟುತ್ತಿದ್ದರು. ಈ ಸರಪಳಿಯಲ್ಲಿ ಆಸ್ಪತ್ರೆಯ ಹಂತದ ಲಾಭಾಂಶವೇ ಶೇ. 654ರ ತನಕ ಹೋದದ್ದನ್ನು ಪ್ರಾಧಿಕಾರವೇ ಪ್ರಕಟಿಸಿತು. 2018ರಲ್ಲಿ ದೆಹಲಿ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಬಿಚ್ಚಿ ನೋಡಿದಾಗ ಔಷಧಿ, ಸೂಜಿ, ಕೈಗವಸುಗಳಂಥವುಗಳಲ್ಲಿ ಲಾಭಾಂಶ ಶೇ. 1,737 ಮುಟ್ಟಿತ್ತು. ಆಸ್ಪತ್ರೆಗಳು ಸಗಟು ಖರೀದಿಯ ಆಸೆ ತೋರಿಸಿ ಹೆಚ್ಚಿನ ಬೆಲೆ ಅಚ್ಚು ಹಾಕಿಸುತ್ತವೆ ಎಂಬುದೂ ಅಲ್ಲಿ ಬಯಲಾಯಿತು. ಹೊಲ ಮಾರಿ ಆಸ್ಪತ್ರೆಗೆ ಕಟ್ಟಿದವರು ನಮ್ಮ ಊರೂರಿನಲ್ಲಿ ಇದ್ದಾರೆ. ಹೊಲವೇ ಇಲ್ಲದವರು ಏನು ಮಾರಿದರು ಅಂತ ಕೇಳಿ ನೋಡಿ. ಕಿವಿಯ ಓಲೆ, ಕೊಟ್ಟಿಗೆಯ ಹಸು, ಮಗನ ಓದು. ಜೀತ ಪದ್ಧತಿಯನ್ನು 1975ರಲ್ಲೇ ರದ್ದು ಮಾಡಿದ್ದಾರೆ, ನಿಜ. ಆಸ್ಪತ್ರೆ ಸಾಲಕ್ಕೆ ಕಾಫಿ ತೋಟಕ್ಕೂ ಇಟ್ಟಿಗೆ ಗೂಡಿಗೂ ಮುಂಗಡ ತಗೊಂಡು ಹೋದವರನ್ನು ಏನಂತ ಕರೆಯಬೇಕೋ ಕಾನೂನು ಬಲ್ಲವರು ಹೇಳಲಿ.

2019ರ ಫೆಬ್ರವರಿಯಲ್ಲಿ ಮಧ್ಯವರ್ತಿಯ ಪಾಲಿಗೇ ನೇರ ಮಿತಿ ಹಾಕಿದ ಕೆಲಸ ಆಯಿತು. ಬೆಲೆ ಪಟ್ಟಿಯ ಹೊರಗಿದ್ದ 42 ಕ್ಯಾನ್ಸರ್ ಔಷಧಿಗಳಿಗೆ ವ್ಯಾಪಾರದ ಲಾಭಾಂಶ ಶೇ. 30 ಮೀರಬಾರದು ಅಂತ ಆಜ್ಞೆ. 526 ಬ್ರ್ಯಾಂಡುಗಳ ಬೆಲೆ ಇಳಿಯಿತು, ಕೆಲವು ಶೇ. 90ರ ತನಕ. ರೋಗಿಗಳಿಗೆ ವರ್ಷಕ್ಕೆ 984 ಕೋಟಿ ಉಳಿಯುತ್ತದೆ ಅಂತ ಸರ್ಕಾರವೇ ಲೆಕ್ಕ ಕೊಟ್ಟಿತು. ಚಾಮರಾಜನಗರದಿಂದ ಬೀದರಿನ ತನಕ ಕಿದ್ವಾಯಿ ಆಸ್ಪತ್ರೆಯ ಅಂಗಳಕ್ಕೆ ಚಾಪೆ ಹೊತ್ತು ಬರುವ ಜನರನ್ನು ನೋಡಿದವರಿಗೆ ಈ ಇಳಿತದ ಬೆಲೆ ಗೊತ್ತು. ನಾವು ಇದನ್ನು ಮೆಚ್ಚುತ್ತೇವೆ. ಮೆಚ್ಚುತ್ತಲೇ ಎರಡು ಮಾತು. ಒಂದು, ಬರೇ ಲಾಭಾಂಶಕ್ಕೆ ಮಿತಿ ಹಾಕಿದ್ದರಿಂದ ಕಂಪನಿ ತಾನು ಇಡುವ ಮೊದಲ ಬೆಲೆಗೆ ಕಡಿವಾಣ ಇಲ್ಲ. ನಡುವಿನವನ ಕೈ ಕಟ್ಟಿದರು, ಮೂಲದವನ ಕೈ ಬಿಟ್ಟರು. ಎರಡು, ಒಂದೇ ಆಜ್ಞೆಯಿಂದ ಬೆಲೆ ಶೇ. 90 ಇಳಿಯುತ್ತದೆ ಅಂದರೆ, ಅದಕ್ಕೆ ಹಿಂದಿನ ವರ್ಷಗಳಲ್ಲಿ ಆ 90 ಯಾರ ಮನೆಗೆ ಹೋಯಿತು? ಇದಕ್ಕೆ ಲೆಕ್ಕ ಕೊಟ್ಟವರಿಲ್ಲ. ಆಮೇಲೆ 2021ರಲ್ಲಿ, ಕೊರೊನಾ ಕಾಲದಲ್ಲಿ, ಆಮ್ಲಜನಕದ ಯಂತ್ರಕ್ಕೂ ಬಿ.ಪಿ. ಯಂತ್ರ, ಗ್ಲುಕೋಮೀಟರಿನಂಥ ಐದು ಸಾಧನಗಳಿಗೂ ಶೇ. 70ರ ಮಿತಿ ಬಂತು. ಮೊದಲ ಲಗಾಮು ಬಂದದ್ದು ಯುದ್ಧದಲ್ಲಿ, ಇದು ಬಂದದ್ದು ಪಿಡುಗಿನಲ್ಲಿ.

ಡಾಕ್ಟರನ್ನು ಬಿಟ್ಟು ಈ ಕಥೆ ಹೇಳಲಾಗುವುದಿಲ್ಲ, ಆದರೆ ಚುಟುಕಾಗಿ ಹೇಳುತ್ತೇವೆ. ಚೀಟಿಯ ಮೇಲಿನ ಹೆಸರಿಗೆ ಕಂಪನಿಗಳು ಉಡುಗೊರೆ, ಪ್ರವಾಸ ಕೊಡುತ್ತವೆ ಅನ್ನೋದು ಗುಟ್ಟಲ್ಲ. ಆ ಉಡುಗೊರೆಯ ಖರ್ಚನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚು ಅಂತ ತೋರಿಸಿ ವಿನಾಯಿತಿ ಕೇಳಿದ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ, 2022ರ ಫೆಬ್ರವರಿಯಲ್ಲಿ ಕೋರ್ಟು ಕೊಡುವುದಿಲ್ಲ ಎಂದಿತು. ಲಂಚ ಕೊಟ್ಟದ್ದಕ್ಕೆ ರಸೀತಿ ಇಟ್ಟು ರಿಯಾಯ್ತಿ ಕೇಳುವ ಧೈರ್ಯ ನಮ್ಮೂರ ಗ್ರಾಮಲೆಕ್ಕಿಗನಿಗೂ ಇಲ್ಲ.

ಇನ್ನು, ದಲ್ಲಾಳಿಯನ್ನು ಪಳಗಿಸುವ ಬದಲು ದಾರಿಯನ್ನೇ ಬದಲಿಸಿದವರ ಕಥೆ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಕಟ್ಟಿ 1995ರ ಜನವರಿಯಿಂದ ಆಸ್ಪತ್ರೆಗಳಿಗೆ ಔಷಧಿ ಹಂಚತೊಡಗಿತು. ರಾಜ್ಯಕ್ಕೆಲ್ಲ ಒಂದೇ ಟೆಂಡರು, ಮೂಲ ಹೆಸರಿನಲ್ಲೇ ಖರೀದಿ, ಜಿಲ್ಲೆಗೊಂದು ಉಗ್ರಾಣ, ಲ್ಯಾಬಿನಲ್ಲಿ ಪರೀಕ್ಷೆ ಆದಮೇಲೇ ವಿತರಣೆ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಇಷ್ಟು ಹಣಕ್ಕೆ ನಿಮಗೆ ಬೇಕಾದ ಔಷಧಿಯನ್ನು ನೀವೇ ಬರೆದು ತಗೊಳ್ಳಿ ಅಂತ. ರಾಜಸ್ಥಾನ 2011ರ ಅಕ್ಟೋಬರ್ 2ರಿಂದ ಇದೇ ದಾರಿ ಹಿಡಿದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಕೊಡತೊಡಗಿತು. 1892ರ ಕಾಲಾಣೆ ಪೊಟ್ಟಣಕ್ಕೂ ಇದಕ್ಕೂ ಒಳಗೊಳಗೇ ನಂಟಿದೆ. 1983ರಿಂದ ವಡೋದರಾದಲ್ಲಿ ಲೋಕಾಸ್ಟ್ ಎಂಬ ಸೇವಾಸಂಸ್ಥೆಯೂ ಕಡಿಮೆ ಖರ್ಚಿನಲ್ಲಿ ಗುಣಮಟ್ಟದ ಗುಳಿಗೆ ಮಾಡಬಹುದು ಅಂತ ತೋರಿಸಿಕೊಟ್ಟಿದೆ. ಆದರೆ 2016ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐಡಿಪಿಎಲ್ ಮುಚ್ಚಲು, ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಮಾರಲು ತೀರ್ಮಾನಿಸಿತು.

ಕರ್ನಾಟಕಕ್ಕೂ ಸರ್ಕಾರಿ ಖರೀದಿ ನಿಗಮ ಇದೆ, ಕಾಗದದಲ್ಲಿ ಎಲ್ಲವೂ ಇದೆ. ಆದರೂ ನಮ್ಮ ಹೋಬಳಿಯ ಆರೋಗ್ಯ ಕೇಂದ್ರದಲ್ಲಿ 'ಇದು ಸ್ಟಾಕಿಲ್ಲಮ್ಮ, ಹೊರಗಡೆ ತಗೋ' ಅನ್ನುವ ಮಾತು ನಿಂತಿಲ್ಲ. ಹೊರಗಡೆ ಅಂದರೆ ಮತ್ತೆ ಅದೇ ಸರಪಳಿ. 'ಐದು ದಿನದ್ದು ಬರ್ದವ್ರೆ, ಎರಡು ದಿನದ್ದು ಕೊಡಣ್ಣ, ಸಾಕು' ಅಂತ ಅಲ್ಲಿ ನಿಂತು ಕೇಳುವವರು ನಮ್ಮ ಅವ್ವಂದಿರು. ಅರ್ಧಕ್ಕೆ ನಿಂತ ಔಷಧಿಯಿಂದ ಅರ್ಧಕ್ಕೆ ನಿಂತ ರೋಗ ಎಷ್ಟು ದಿನಕ್ಕೆ ತಿರುಗಿ ಬರುತ್ತೆ ಅಂತ ಡಾಕ್ಟರಿಗೂ ಗೊತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಗೆ ಬಂದ ತಾಯಂದಿರು ಸತ್ತರು. ಅವರ ನರಕ್ಕೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಹಾಗಾಗಿ ಅಗ್ಗದ ಖರೀದಿಯೊಂದೇ ಸಾಲದು. ದಲ್ಲಾಳಿಯನ್ನು ತೆಗೆದ ಜಾಗದಲ್ಲಿ ಲ್ಯಾಬು, ಉಗ್ರಾಣ, ಲೆಕ್ಕ ಕೇಳುವ ಜನ ಕೂರಬೇಕು.

ಹಳ್ಳಿಯ ಮೇಷ್ಟ್ರುಗಳಿಗೂ ವಿದ್ಯಾರ್ಥಿ ಗೆಳೆಯರಿಗೂ ಒಂದು ಕೆಲಸ. ಮೆಡಿಕಲ್ ಶಾಪಿನಲ್ಲಿ ಬಿಲ್ಲು ಕೇಳಿ ಪಡೆಯುವುದನ್ನು ನಿಮ್ಮ ಕೇರಿಯಲ್ಲಿ ರೂಢಿ ಮಾಡಿಸಿ. ಶೀಟಿನ ಮೇಲಿನ ಮೂಲ ಹೆಸರನ್ನು ಓದಿ ಹೇಳಿ. ಪ್ರಾಧಿಕಾರ ಹಾಕಿದ ಮಿತಿಬೆಲೆ ಎಷ್ಟು ಅಂತ ಅದರದೇ 'ಫಾರ್ಮಾ ಸಹಿ ದಾಮ್' ಎಂಬ ಮೊಬೈಲ್ ಪಟ್ಟಿಯಲ್ಲಿ ನೋಡಬಹುದು. ನಿಮ್ಮ ಆರೋಗ್ಯ ಕೇಂದ್ರ ಕಳೆದ ವರ್ಷ ಯಾವ ಔಷಧಿ ಎಷ್ಟು ಬೇಕೆಂದು ಬರೆಯಿತು, ಎಷ್ಟು ಬಂತು, ಯಾವ ತಿಂಗಳು ಖಾಲಿಯಾಯಿತು ಎಂಬ ಸ್ಟಾಕ್ ರಿಜಿಸ್ಟರಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕಾರ್ಡಿನವರ ಹೆಸರಲ್ಲಿ ಹಾಕಿದರೆ ಅದೂ ಇಲ್ಲ.